ಮಮದಾಪುರದಿಂದ ಕೇಂಬ್ರಿಜ್ಜಿಗೆ: ಡಾ. ಡಿ. ಸಿ. ಪಾವಟೆಯವರ ಜೀವನ

ನಮ್ಮ ಸಂಘಕ್ಕೆ 25 ವರುಷ ತುಂಬಿದ ಈ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಬೀಜ, ಗೊಬ್ಬರ, ಸಾಲ, ಷೇರುಗಳ ಲೆಕ್ಕ ಬರೆಯುವವರು ಬೇರೆ ಇದ್ದಾರೆ. ಹೀಗಾಗಿ ನಾವು ನಮ್ಮ ಗೋಕಾಕ ತಾಲೂಕಿನ ಮಣ್ಣಿನ ಮಗನೊಬ್ಬನ ಜೀವನವನ್ನು ಸಭಾಸದರ ಮುಂದೆ ಇಡಬೇಕೆಂದು ಮಾಡಿದ್ದೇವೆ. ಗೋಕಾಕ ಅಂದಕೂಡಲೆ ಪರಊರಿನವರಿಗೆ ಫಾಲ್ಸು ಮತ್ತು ಕರದಂಟು ನೆನಪಾಗುತ್ತವೆ. ಆದರೆ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯ ಇರುವ ಜಾಗ ಯಾವುದೆಂದು ಕೇಳಿದರೆ ಪಾವಟೆ ನಗರ ಅನ್ನುತ್ತಾರೆ. ಆ ಪಾವಟೆಯವರು ನಮ್ಮ ಮಮದಾಪುರದವರು ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಡಾ. ಡಿ. ಸಿ. ಪಾವಟೆಯವರು 1899ರ ಆಗಸ್ಟ 2ರಂದು ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದರು. ಮುಂಬಯಿ ಪ್ರಾಂತದ ಬಹುಭಾಗಕ್ಕೆ ದೊಡ್ಡ ಬರ ಬಿದ್ದ ಕಾಲವದು. ಆಗ ಹಳ್ಳಿಯ ಹುಡುಗನಿಗೆ ನಾಲ್ಕಕ್ಷರ ಬಂದರೆ ಅದೇ ದೊಡ್ಡದು. ಅದರಾಚೆ ಕಲಿಯಬೇಕೆಂದರೆ ಊರು ಬಿಡಬೇಕು, ತಂದೆ ತಾಯಿಯರನ್ನು ಬಿಡಬೇಕು, ಪರಊರಿನ ಅನ್ನ ಉಣ್ಣಬೇಕು. ಕಾಲೇಜು ಅಂದರೆ ಪುಣೆ, ಮುಂಬಯಿ. ನಮ್ಮ ಕನ್ನಡ ಸೀಮೆಗೆ ಧಾರವಾಡದ ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ. ಪಾವಟೆಯವರು ಆ ಕಾಲೇಜಿನಲ್ಲಿ ಕಲಿತು, ಅಲ್ಲಿಂದ ಸಮುದ್ರ ದಾಟಿ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋದರು. ಸಿಡ್ನಿ ಸಸೆಕ್ಸ್ ಎಂಬ ಕಾಲೇಜಿನಲ್ಲಿ ಓದಿ, ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಅಲ್ಲಿಯ ಗಣಿತದ ಕೊನೆಯ ಪರೀಕ್ಷೆಯನ್ನು ಮೊದಲನೆಯ ದರ್ಜೆಯಲ್ಲಿ ಪಾಸಾದವರಿಗೆ ಈ ಹೆಸರು. ನಮ್ಮ ಹುಡುಗರು ಗಣಿತ ಅಂದರೆ ಹೆದರಿ ಸಾಲಿ ಬಿಡುತ್ತಾರಲ್ಲ, ಅವರಿಗೆ ಇದನ್ನು ಹೇಳಬೇಕು.

ತಾಯ್ನಾಡಿಗೆ ಬಂದ ಮೇಲೆ ಕಾಶಿಯ ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ಮುಂದೆ ಮುಂಬಯಿ ಸರಕಾರದ ಶಿಕ್ಷಣ ಖಾತೆಗೆ ಸೇರಿ, ಮೇಲೇರಿ, 1947ರಿಂದ 1954ರವರೆಗೆ ಆ ಖಾತೆಯ ಡೈರೆಕ್ಟರ್ ಆಗಿದ್ದರು. ಬೆಳಗಾವಿ ಜಿಲ್ಲೆ 1956ರ ನವೆಂಬರ 1ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಅಂದರೆ ನಮ್ಮ ಹಿರಿಯರು ಪಾಟಿ ಹಿಡಿದು ಹೋದ ಸಾಲಿಗಳೆಲ್ಲ ಆಗ ಇವರ ಕೈಕೆಳಗಿನವೇ. ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದೂ 1947ರಲ್ಲಿಯೇ. ಮಕ್ಕಳನ್ನು ಕಡ್ಡಾಯವಾಗಿ ಸಾಲಿಗೆ ಕಳಿಸಬೇಕೆಂಬ ಮಾತು ಹಳ್ಳಿಗಳಿಗೆ ಬಲವಾಗಿ ಮುಟ್ಟಿದ ಕಾಲವದು.

1954ರಲ್ಲಿ ಪಾವಟೆಯವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡಕ್ಕೆ ಬಂದರು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದು ಇನ್ನೂ ಕೆಲವೇ ವರುಷ ಆಗಿತ್ತು, ಅಂಬೆಗಾಲಿಡುವ ಕೂಸು. 1956ರ ಏಕೀಕರಣದ ನಂತರ ಗುಲಬರ್ಗಾ, ಬೀದರ, ರಾಯಚೂರ ಸೀಮೆಯ ಕಾಲೇಜುಗಳೂ ಇದಕ್ಕೆ ಸೇರಿದವು. ಪಾವಟೆಯವರು 1967ರವರೆಗೆ ಒಂದೇ ಸವನೆ ಹದಿಮೂರು ವರುಷ ಅಲ್ಲಿಯೇ ನಿಂತು ದುಡಿದರು. ಗುಡ್ಡದ ಮೇಲೆ ಕಟ್ಟಡಗಳು, ಗ್ರಂಥಾಲಯ, ಹಾಸ್ಟೆಲುಗಳು, ಒಂದರ ಹಿಂದೊಂದು ವಿಭಾಗಗಳು ಎದ್ದವು. ಎಂ.ಎ., ಎಂ.ಎಸ್‌ಸಿ. ಓದಲು ಪುಣೆ ಮುಂಬಯಿಯ ಖರ್ಚು ತಾಳಲಾರದ ಒಕ್ಕಲಿಗರ ಮಕ್ಕಳು ಬುತ್ತಿ ಕಟ್ಟಿಕೊಂಡು ಧಾರವಾಡದ ಬಸ್ಸು ಹತ್ತಿದರು. ತಾನು ಕಲಿಯಲಿಕ್ಕೆ ಎಷ್ಟು ದೂರ ಹೋಗಬೇಕಾಯಿತೋ ಅಷ್ಟು ದೂರ ತನ್ನ ನಾಡಿನ ಮಕ್ಕಳು ಹೋಗಬಾರದು, ಇದೇ ಅವರ ಹದಿಮೂರು ವರುಷದ ದುಡಿತದ ಸಾರವೆಂದು ನಾವು ತಿಳಿಯುತ್ತೇವೆ.

1967ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಅದೇ ವರುಷ ಪಂಜಾಬಿನ ರಾಜ್ಯಪಾಲರಾಗಿ ಚಂಡೀಗಡಕ್ಕೆ ಹೋಗಿ 1973ರವರೆಗೆ ಇದ್ದರು. ನಡುವೆ 1968ರಲ್ಲಿ ಅಲ್ಲಿ ರಾಷ್ಟ್ರಪತಿ ಆಡಳಿತ ಬಂದಾಗ ಇಡೀ ರಾಜ್ಯದ ಕಾರಭಾರ ನಮ್ಮ ಮಮದಾಪುರದವರ ಹೆಗಲಿಗೆ ಬಿತ್ತು. 1969ರಲ್ಲಿ ಅಮೃತಸರದಲ್ಲಿ ಗುರು ನಾನಕ ದೇವ ವಿಶ್ವವಿದ್ಯಾಲಯ ಆರಂಭವಾದದ್ದೂ ಇವರ ಕಾಲದಲ್ಲಿಯೇ. 1979ರ ಜನೆವರಿ 17ರಂದು ಅವರು ಕಾಲವಾದರು. ಅವರ ಹೆಸರಿನ ಪ್ರತಿಷ್ಠಾನವು ಇಲ್ಲಿಯ ವಿದ್ವಾಂಸರನ್ನು ಅದೇ ಕೇಂಬ್ರಿಜ್ಜಿಗೆ ಕಳಿಸುವ ಕೆಲಸ ಮಾಡಿದೆ.

ಸಭಾಸದ ಬಂಧುಗಳೇ, ಇದನ್ನು ಓದಿ ಪಾವಟೆಯವರು ಬಹಳ ಬುದ್ಧಿವಂತರಿದ್ದರು, ನಮ್ಮ ಮಕ್ಕಳಿಗೆ ಅದೆಲ್ಲಿ ಬರಬೇಕು ಎಂದು ಪುಸ್ತಕ ಮುಚ್ಚಬಾರದು. ಬುದ್ಧಿ ಎಲ್ಲ ಹಳ್ಳಿಯಲ್ಲೂ ಹುಟ್ಟುತ್ತದೆ. ಊರು ಬಿಟ್ಟ ಮಗುವಿಗೆ ಕಲಿಸುವ ಮಾಸ್ತರು ಎಷ್ಟು ಮುಖ್ಯವೋ, ತಲೆಯ ಮೇಲೆ ನಂಬಿಗಸ್ತ ಸೂರೂ ಅಷ್ಟೇ ಮುಖ್ಯ. ಅದಕ್ಕೇ ಶಿರಸಂಗಿ ಲಿಂಗರಾಜರು 1906ರಲ್ಲಿ ತೀರಿಹೋಗುವಾಗ ತಮ್ಮ ಆಸ್ತಿಯನ್ನು ಬಡ ಹುಡುಗರ ವಿದ್ಯೆಗೆ ಬಿಟ್ಟುಹೋದರು. ಅದಕ್ಕೇ ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳು ಪ್ರಸಾದ ನಿಲಯ ತೆರೆದವು. ಆ ಸೂರಿನ ಕೆಳಗೆ ಎಷ್ಟೋ ಮನೆತನಗಳು ಉದ್ಧಾರವಾದವು.

ಈಗ ಕಾಯ್ದೆ ಇದೆ. 2010ರಿಂದ 6ರಿಂದ 14 ವರುಷದ ಮಕ್ಕಳಿಗೆ ಶಿಕ್ಷಣ ಉಚಿತ ಹಾಗೂ ಕಡ್ಡಾಯ. ಆದರೆ ಎಂಟನೆಯ ಇಯತ್ತೆ ದಾಟಿದ ಹೆಣ್ಣುಮಗಳನ್ನು ಹೈಸ್ಕೂಲಿಗೆ ಕಳಿಸಲು ಎಷ್ಟೋ ತಾಯಂದಿರು ಅಂಜುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ದಾರಿ ನಿರ್ಜನ, ಬಸ್ಸಿನ ಭರವಸೆ ಇಲ್ಲ, ಸಂಡಾಸಕ್ಕೆ ಬಾಗಿಲಿದ್ದರೆ ನೀರಿಲ್ಲ. ಕಬ್ಬಿನ ಕಟಾವು ಸುರುವಾದರೆ ಗಂಡುಮಕ್ಕಳ ಪಾಟಿಚೀಲ ಗೂಟಕ್ಕೆ ಏರುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ನದಿ ದಂಡೆಯ ಸಾಲಿ ಕೋಣೆಗಳು ನೆನೆದು ಹಾಳಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಗೋಡೆ ಬಿರಿದ ಕೋಣೆಯೊಳಗೆ ಮಗುವನ್ನು ಕೂಡಿಸಿ ಓದು ಅಂದರೆ ಅದು ಓದೀತೇ?

ಆದ್ದರಿಂದ ನಮ್ಮದೊಂದು ವಿನಂತಿ. ಪ್ರತಿ ವರುಷ ಮೇ ತಿಂಗಳಲ್ಲಿ, ಸಾಲಿ ಸುರುವಾಗುವ ಮೊದಲು, ಸಂಘದ ವತಿಯಿಂದ ನಾಲ್ಕು ಜನ ಹೋಗಿ ಸಾಲಿಯ ಮಾಳಿಗೆ, ಗೋಡೆ, ಕರೆಂಟಿನ ವಾಯರು, ಕುಡಿಯುವ ನೀರು, ಸಂಡಾಸ ನೋಡಿ ಬರೋಣ. ಕಂಡದ್ದನ್ನು ಪಂಚಾಯತಿಗೂ ಶಿಕ್ಷಣ ಖಾತೆಗೂ ಬರೆದು ಕೊಡೋಣ. ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳು ಗುಂಪಾಗಿ ಹೋಗಿಬರುವಂತೆ ಓಣಿಗೊಬ್ಬ ಹಿರಿಯರು ಲಕ್ಷ್ಯ ಇಡಲಿ. ಸಂಘದ ಲಾಭದ ಧರ್ಮಾರ್ಥ ನಿಧಿಯಲ್ಲಿ ಒಂದು ಪಾಲು ಇದಕ್ಕೆ ಇಡುವ ವಿಷಯ ಮುಂದಿನ ವಾರ್ಷಿಕ ಸಭೆಗೆ ಬರಲಿ. ಬಾಂದು ಹಾಕದ ಹೊಲದಲ್ಲಿ ಮಳೆ ಎಷ್ಟು ಬಿದ್ದರೂ ಮಣ್ಣು ಹರಿದು ಹೋಗುತ್ತದೆ. ಮಕ್ಕಳ ವಿದ್ಯೆಗೆ ಸುರಕ್ಷಿತ ಸಾಲಿಯೇ ಬಾಂದು.

ಮಮದಾಪುರ ಒಬ್ಬ ಪಾವಟೆಯವರನ್ನು ಕೊಟ್ಟಿತು. ನಮ್ಮೂರ ಸಾಲಿಯಲ್ಲಿ ಈಗ ಕೂತವರಲ್ಲಿ ಯಾರಿದ್ದಾರೋ ಯಾರು ಬಲ್ಲರು! ಅವರನ್ನು ನಡುವೆ ಬಿಡಿಸದೆ ಓದಿಸೋಣ.

ಜೈ ಸಹಕಾರ.