ಸಿಂಗ್ ಎಂಬ ಹೆಸರು, 19 ಎಂಬ ಅಂಕಿ

ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ ಸಿರಕ್ಯೂಸ್, ಕಾರ್ನೆಲ್ ಎಂಬ ಎರಡು ವಿಶ್ವವಿದ್ಯಾಲಯಗಳಿವೆ. ನಡುವಿನ ದಾರಿ ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಬೆಳಗಾವಿಯಷ್ಟು. ನೆರೆಹೊರೆಯವರಾದ್ದರಿಂದ ಪೈಪೋಟಿಯೂ ಜೋರು, ಅದರಲ್ಲೂ ಲಕ್ರಾಸ್ ಆಟದಲ್ಲಿ. ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುವ ಈ ಆಟ ಆ ನೆಲದ ಮೂಲನಿವಾಸಿಗಳದ್ದು. ಅವರಲ್ಲಿ ಒಂದಾದ ಒನೊಂಡಾಗ ಜನಾಂಗ ಇಂದಿಗೂ ಸಿರಕ್ಯೂಸ್ ಊರಿನ ಪಕ್ಕದಲ್ಲೇ ಇದೆ.

ನಮ್ಮ ಟೀಮಿನಲ್ಲಿ ಕಾರ್ನೆಲ್‌ನಲ್ಲಿ ಓದಿದ ಅಮೆರಿಕನ್ ಸಹೋದ್ಯೋಗಿಯೊಬ್ಬರಿದ್ದಾರೆ. 2009ರ ಲಕ್ರಾಸ್ ಫೈನಲ್ ಮಾತೆತ್ತಿದರೆ ಅವರ ಮುಖ ಇಂದಿಗೂ ಸಣ್ಣದಾಗುತ್ತದೆ. ಕೊನೆಯ ನಾಲ್ಕು ನಿಮಿಷಗಳಿರುವಾಗ 9–6ರಿಂದ ಮುಂದಿದ್ದ ಕಾರ್ನೆಲ್‌ಗೆ ಸಿರಕ್ಯೂಸ್ ನಾಲ್ಕು ಸೆಕೆಂಡು ಬಾಕಿ ಇರುವಾಗ ಸಮ ಮಾಡಿ, ಹೆಚ್ಚುವರಿ ಆಟದಲ್ಲಿ 10–9ರಿಂದ ಕಪ್ ಕಸಿದುಕೊಂಡಿತು. ಆ ಪಂದ್ಯದ ಬಗ್ಗೆ ಓದುತ್ತ ಓದುತ್ತ ಹಿಂದಕ್ಕೆ ಹೋದ ನನಗೆ ಸಿಕ್ಕಿದ್ದು ರಾಯ್ ಸಿಮನ್ಸ್. 1931ರಿಂದ 1970ರವರೆಗೆ ಸಿರಕ್ಯೂಸ್‌ನ ಲಕ್ರಾಸ್ ಕೋಚ್ ಆಗಿದ್ದವರು. ಅವರ ನಂತರ ಮಗನೂ ಅದೇ ಕೆಲಸ ಹಿಡಿದರು. ಹಿರಿಯ ಸಿಮನ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಕೂಡ ಹೌದು. ಒಮ್ಮೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಆಡುತ್ತಿದ್ದ ಪಂದ್ಯವೊಂದನ್ನು ನೋಡುತ್ತ ನಿಂತಾಗ ಹುಡುಗನೊಬ್ಬ ಚೆಂಡು ಎಸೆಯುವ ರೀತಿ ಅವರ ಕಣ್ಣಿಗೆ ಬಿತ್ತು. ಆತ ಬಾಸ್ಕೆಟ್‌ಬಾಲ್ ತಂಡದವನು. ಫುಟ್‌ಬಾಲ್‌ಗೂ ಬಾ ಎಂದು ಸಿಮನ್ಸ್ ಆತನನ್ನು ಒಪ್ಪಿಸಿದರು. ಹುಡುಗನ ಹೆಸರು ವಿಲ್ಮೆತ್ ಸಿಡಾಟ್-ಸಿಂಗ್.

ಸಿಂಗ್ ಎಂದ ಕೂಡಲೇ ನಿಮ್ಮ ಕಿವಿ ನೆಟ್ಟಗಾಯಿತಲ್ಲವೇ? ನನಗೂ ಹಾಗೇ ಆಯಿತು.

ಹುಟ್ಟಿದ್ದು 1918ರಲ್ಲಿ, ವಾಷಿಂಗ್ಟನ್‌ನಲ್ಲಿ, ವಿಲ್ಮೆತ್ ವೆಬ್ ಆಗಿ. ತಂದೆ ಇಲಾಯಸ್ ವೆಬ್, ತಾಯಿ ಪಾಲಿನ್, ಇಬ್ಬರೂ ಕಪ್ಪು ಜನಾಂಗದವರು. ತಂದೆ ಔಷಧ ವೃತ್ತಿಯವರು. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಆಮೇಲೆ ಪಾಲಿನ್, ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತೀಯ ಮೂಲದ ಸ್ಯಾಮ್ಯುಯೆಲ್ ಸಿಡಾಟ್-ಸಿಂಗ್ ಅವರನ್ನು ಮದುವೆಯಾದರು. ಅವರು ಹುಡುಗನನ್ನು ದತ್ತು ತೆಗೆದುಕೊಂಡು ತಮ್ಮ ಹೆಸರು ಕೊಟ್ಟರು. ಸಂಸಾರ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂತು, ಮಲತಂದೆ ಅಲ್ಲಿ ಡಾಕ್ಟರಾದರು. ಹುಡುಗ ಡಿವಿಟ್ ಕ್ಲಿಂಟನ್ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿ, 1935ರಲ್ಲಿ ಸಿರಕ್ಯೂಸ್ ಸೇರಿದ.

ಮೈಬಣ್ಣ ತಿಳಿ, ಹೆಸರು ಸಿಂಗ್. ಪತ್ರಿಕೆಗಳು ಆತನನ್ನು ಹಿಂದೂ ಆಟಗಾರ ಎಂದು ಬರೆಯತೊಡಗಿದವು. ಆಗಿನ ಅಮೆರಿಕದಲ್ಲಿ ಹಿಂದೂ ಎಂದರೆ ಧರ್ಮವಲ್ಲ, ಭಾರತದಿಂದ ಬಂದ ಯಾರೇ ಆಗಲಿ, ಸಿಖ್ ಆದರೂ ಮುಸ್ಲಿಂ ಆದರೂ ಹಿಂದೂ. ವಿಶ್ವವಿದ್ಯಾಲಯ ಇದನ್ನು ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಅದಕ್ಕೇ ತೊಂದರೆ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅಮೆರಿಕದ ಪೌರರಾಗುವಂತಿಲ್ಲ ಎಂದು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲೇ ತೀರ್ಪು ಕೊಟ್ಟಿತ್ತು. ಅಂದರೆ ಹಿಂದೂ ಎನಿಸಿಕೊಂಡವನಿಗೆ ಆ ದೇಶದಲ್ಲಿ ಮತದಾನದ ಹಕ್ಕು ಸಿಗುವ ದಾರಿ ಇರಲಿಲ್ಲ, ಆದರೆ ಮೈದಾನಕ್ಕೆ ಇಳಿಯಬಹುದಿತ್ತು. ಅಲ್ಲೇ ಹುಟ್ಟಿದ ಕಪ್ಪು ಹುಡುಗ ಪೌರನೇ, ಆದರೆ ದಕ್ಷಿಣದ ತಂಡಗಳ ಎದುರು ಆಡುವಂತಿಲ್ಲ. ಪುಣೆಯಲ್ಲಿ ನನ್ನ ಪಾಟೀಲ ಎಂಬ ಅಡ್ಡಹೆಸರು ಕೇಳಿದವರು ಸೀದಾ ಮರಾಠಿಗೆ ಇಳಿಯುತ್ತಾರೆ. ನಾನು ಗದಗಿನ ಕಡೆಯವನು ಎಂದರೆ ನಕ್ಕು ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಸಿಡಾಟ್-ಸಿಂಗ್ ವಿಷಯದಲ್ಲಿ ಹಾಗೆ ನಕ್ಕು ಮುಗಿಸುವಂತಿರಲಿಲ್ಲ.

1937ರ ಅಕ್ಟೋಬರ್‌ನಲ್ಲಿ ಸಿರಕ್ಯೂಸ್ ತಂಡ ಒಂದೂ ಪಂದ್ಯ ಸೋಲದೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿರುದ್ಧ ಆಡಲು ಬಾಲ್ಟಿಮೋರ್‌ಗೆ ಹೊರಟಿತ್ತು. ವಾಷಿಂಗ್ಟನ್ ಟ್ರಿಬ್ಯೂನ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಸ್ಯಾಮ್ ಲೇಸಿ ಎಂಬ ಕ್ರೀಡಾ ವರದಿಗಾರರಿದ್ದರು. ಈತ ಹಿಂದೂ ಅಲ್ಲ, ನಮ್ಮೂರಿನ ಕಪ್ಪು ಹುಡುಗ ಎಂದು ಅವರು ಪಂದ್ಯಕ್ಕೆ ಮೊದಲೇ ಬರೆದರು. ಮೇರಿಲ್ಯಾಂಡ್ ಪಟ್ಟು ಹಿಡಿಯಿತು: ಆತ ಇಳಿದರೆ ನಾವು ಆಡುವುದಿಲ್ಲ. ಸಿರಕ್ಯೂಸ್ ಒಪ್ಪಿಕೊಂಡಿತು.

ಮೇರಿಲ್ಯಾಂಡ್ ಮಾಡಿದ್ದು ಅಂದಿನ ಅಲ್ಲಿನ ರಿವಾಜು, ಹೊಲಸು ರಿವಾಜು. ಆದರೆ ತನ್ನ ಹುಡುಗನನ್ನು ಊರಿನಿಂದ ಕರೆದುಕೊಂಡು ಹೋಗಿ ಆಟದ ಹೊತ್ತಿಗೆ ಕೈಬಿಟ್ಟ ಸಿರಕ್ಯೂಸ್ ನನಗೆ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಆ ತಂಡದಲ್ಲಿ ಮಾರ್ಟಿ ಗ್ಲಿಕ್‌ಮನ್ ಇದ್ದರು, ಯಹೂದಿ ಓಟಗಾರ. ಒಂದು ವರ್ಷದ ಹಿಂದೆ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಿಟ್ಲರನ ಕಣ್ಣೆದುರಿಗೆ ಅವರನ್ನೂ ಇನ್ನೊಬ್ಬ ಯಹೂದಿಯನ್ನೂ ರಿಲೇ ತಂಡದಿಂದ ಅಮೆರಿಕದ ಕೋಚ್‌ಗಳೇ ಹೊರಗಿಟ್ಟಿದ್ದರು. ಹೊರಗೆ ಕೂರಿಸಿಕೊಳ್ಳುವುದು ಎಂದರೇನು ಎಂದು ಆ ತಂಡದಲ್ಲಿ ಚೆನ್ನಾಗಿ ತಿಳಿದಿದ್ದವರು ಅವರೊಬ್ಬರೇ ಇರಬೇಕು. ಅವನು ಆಡದಿದ್ದರೆ ನಾನೂ ಆಡುವುದಿಲ್ಲ ಎನ್ನಬೇಕೆಂದು ಅವರಿಗೆ ಅನ್ನಿಸಿತಂತೆ, ಆದರೆ ಹೇಳಲಿಲ್ಲ. ಮುಂದೆ ಪ್ರಸಿದ್ಧ ಕ್ರೀಡಾ ವೀಕ್ಷಕ ವಿವರಣೆಕಾರರಾದ ಗ್ಲಿಕ್‌ಮನ್ ಈ ಮೌನಕ್ಕಾಗಿ ಮುಪ್ಪಿನವರೆಗೂ ನೊಂದುಕೊಂಡರು. ಅಂದು ಸಿರಕ್ಯೂಸ್ 13–0ರಿಂದ ಸೋತಿತು.

ಲೇಸಿ ಸುಮ್ಮನಿದ್ದಿದ್ದರೆ ಹುಡುಗ ಆಡುತ್ತಿದ್ದನಲ್ಲ ಎಂದು ಬೈದವರೂ ಇದ್ದರು. ನಾನು ಈ ಪ್ರಶ್ನೆಯನ್ನು ಬಹಳ ಹೊತ್ತು ಯೋಚಿಸಿದೆ. ಸುಮ್ಮನಿದ್ದಿದ್ದರೆ ಆಡುತ್ತಿದ್ದದ್ದು ಆತನಲ್ಲ, ಪತ್ರಿಕೆಗಳು ಹುಟ್ಟಿಸಿದ ಇನ್ಯಾರೋ ಒಬ್ಬ. ಲೇಸಿ ಸರಿ ಎಂದೇ ನನ್ನ ಮತ. ಆದರೆ ಆ ಮಧ್ಯಾಹ್ನದ ಬೆಲೆ ತೆತ್ತದ್ದು ಲೇಸಿಯಲ್ಲ, ಹತ್ತೊಂಬತ್ತರ ಹುಡುಗ. ಅದೂ ನಿಜ.

ಮರುವರ್ಷ ಮೇರಿಲ್ಯಾಂಡ್ ತಂಡ ಸಿರಕ್ಯೂಸ್‌ಗೆ ಬರಬೇಕಾಯಿತು. ಈ ಬಾರಿ ಸಿಡಾಟ್-ಸಿಂಗ್ ಆಡಿದ. ಫಲಿತಾಂಶ 53–0.

ಆದರೆ ಸಿರಕ್ಯೂಸ್‌ನ ಹಳಬರು ನೆನೆಯುತ್ತಿದ್ದದ್ದು ಅದನ್ನಲ್ಲ, 1938ರ ಅಕ್ಟೋಬರ್ 15ರ ಪಂದ್ಯವನ್ನು. ಎದುರಾಳಿ ಪಕ್ಕದೂರಿನ ಕಾರ್ನೆಲ್, ಆ ವರ್ಷ ದೇಶದ ಬಲಿಷ್ಠ ತಂಡಗಳಲ್ಲೊಂದು. ಕೊನೆಯ ಭಾಗದವರೆಗೂ ಕಾರ್ನೆಲ್ಲೇ ಮುಂದೆ. ಜನ ಎದ್ದು ಹೊರಡುವ ಹೊತ್ತು. ಆಗ ಸಿಡಾಟ್-ಸಿಂಗ್ ಎಸೆಯತೊಡಗಿದ. ಅಂದಿನ ಆಟದಲ್ಲಿ ಚೆಂಡು ಹಿಡಿದು ನುಗ್ಗುವುದೇ ಹೆಚ್ಚು, ದೂರಕ್ಕೆ ಎಸೆಯುವುದು ಜೂಜಿನ ಲೆಕ್ಕ. ಕೆಲವೇ ನಿಮಿಷಗಳಲ್ಲಿ ಆತನ ಮೂರು ಎಸೆತಗಳು ಮೂರು ಟಚ್‌ಡೌನ್ ಆದವು. ನಡುವೆ ಕಾರ್ನೆಲ್ ಕೂಡ ಅಂಕ ಸೇರಿಸಿತು, ಆದರೂ ಸಾಲದೆ ಹೋಯಿತು. ಸಿರಕ್ಯೂಸ್ 19, ಕಾರ್ನೆಲ್ 17. ದೇಶದ ಅತಿ ಹೆಸರಾಂತ ಕ್ರೀಡಾ ಬರಹಗಾರ ಗ್ರ್ಯಾಂಟ್‌ಲ್ಯಾಂಡ್ ರೈಸ್ ಈ ಪಂದ್ಯವನ್ನು ಹಾಡಿ ಹೊಗಳಿದರು. 2009ರ ಲಕ್ರಾಸ್ ಫೈನಲ್ ನೋಡಿದವರಿಗೆ ಇದು ಅದೇ ಕಥೆಯ ಹಳೆಯ ಆವೃತ್ತಿ ಅನ್ನಿಸಿದರೆ ತಪ್ಪಿಲ್ಲ. ನನ್ನ ಸಹೋದ್ಯೋಗಿಗೆ ನಾನಿನ್ನೂ ಇದನ್ನು ಹೇಳಿಲ್ಲ.

1939ರಲ್ಲಿ ಓದು ಮುಗಿಯಿತು. ವೃತ್ತಿಪರ ಫುಟ್‌ಬಾಲ್ ಲೀಗ್ 1934ರಿಂದ 1946ರವರೆಗೆ ಒಬ್ಬನೇ ಒಬ್ಬ ಕಪ್ಪು ಆಟಗಾರನನ್ನೂ ತೆಗೆದುಕೊಳ್ಳಲಿಲ್ಲ. ಸಿಡಾಟ್-ಸಿಂಗ್ ಹಾರ್ಲೆಮ್ ರೆನೆಸಾನ್ಸ್, ವಾಷಿಂಗ್ಟನ್ ಬೇರ್ಸ್ ಎಂಬ ಕಪ್ಪು ಜನರ ಬಾಸ್ಕೆಟ್‌ಬಾಲ್ ತಂಡಗಳಲ್ಲಿ ಆಡಿದ. ಯುದ್ಧ ಬಂದಾಗ ಸೇನೆ ಸೇರಿ, ಅಲಬಾಮಾದ ಟಸ್ಕೀಗಿಯಲ್ಲಿ ಅಮೆರಿಕ ಸೇನೆಯ ಮೊದಲ ಕಪ್ಪು ಪೈಲಟ್‌ಗಳನ್ನು ತಯಾರು ಮಾಡುತ್ತಿದ್ದ ಶಿಬಿರದಲ್ಲಿ ವಿಮಾನ ಹಾರಿಸಲು ಕಲಿತ. 1943ರ ಮೇ 9ರಂದು ಮಿಷಿಗನ್ ರಾಜ್ಯದಲ್ಲಿ ತರಬೇತಿ ಹಾರಾಟ ನಡೆಸುತ್ತಿದ್ದಾಗ ಹ್ಯೂರಾನ್ ಸರೋವರದ ಮೇಲೆ ಎಂಜಿನ್ ಕೈಕೊಟ್ಟಿತು. ಪ್ಯಾರಾಶೂಟ್ ಕಟ್ಟಿಕೊಂಡು ಹಾರಿದ, ಆದರೆ ನೀರಿನಲ್ಲಿ ಮುಳುಗಿಹೋದ. ದೇಹ ಸಿಕ್ಕಿದ್ದು ವಾರಗಳ ನಂತರ. ವಯಸ್ಸು 25. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು. 

ಬಣ್ಣದ ಗೋಡೆ ಲಕ್ರಾಸ್‌ನಲ್ಲೂ ಇತ್ತು. 1941ರಲ್ಲಿ ಹಾರ್ವರ್ಡ್ ತಂಡ ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಹೋದಾಗ ಲೂಸಿಯನ್ ಅಲೆಕ್ಸಿಸ್ ಎಂಬ ಕಪ್ಪು ಆಟಗಾರನನ್ನು ಇದೇ ರೀತಿ ಹೊರಗಿಟ್ಟು ಮನೆಗೆ ಕಳಿಸಿದರು. 1957ರಲ್ಲಿ ಒಂದೂ ಪಂದ್ಯ ಸೋಲದ ರಾಯ್ ಸಿಮನ್ಸ್‌ರ ಸಿರಕ್ಯೂಸ್ ಲಕ್ರಾಸ್ ತಂಡದಲ್ಲಿ ಕಪ್ಪು ಆಟಗಾರ ಜಿಮ್ ಬ್ರೌನ್, ಒನೊಂಡಾಗದ ಗೋಲ್‌ಕೀಪರ್ ಓರೆನ್ ಲಯನ್ಸ್ ಇಬ್ಬರೂ ಆಡಿದರು. ಆ ಹೊತ್ತಿಗೆ ಸಿಮನ್ಸ್‌ರ ಹಳೆಯ ಹುಡುಗ ಸತ್ತು ಹದಿನಾಲ್ಕು ವರ್ಷ.

ಸಿಡಾಟ್-ಸಿಂಗ್‌ನ 19ನೇ ನಂಬರಿನ ಬಾಸ್ಕೆಟ್‌ಬಾಲ್ ಅಂಗಿಗೆ ಸಿರಕ್ಯೂಸ್ 2005ರಲ್ಲಿ ನಿವೃತ್ತಿ ಕೊಟ್ಟಿತು. ಆ ಅಂಕಿ ಈಗ ಇನ್ಯಾರಿಗೂ ಇಲ್ಲ. ಮೇರಿಲ್ಯಾಂಡ್ ಕ್ಷಮೆ ಕೇಳಿದ್ದು 2013ರ ನವೆಂಬರ್‌ನಲ್ಲಿ, ತನ್ನದೇ ಮೈದಾನದಲ್ಲಿ, ಸಿರಕ್ಯೂಸ್ ವಿರುದ್ಧದ ಪಂದ್ಯದ ದಿನ, ಆತನ ಕುಟುಂಬದವರನ್ನು ಕರೆಸಿ. ಅಂದಿನ ಪಂದ್ಯ ಸಿರಕ್ಯೂಸ್ ಗೆದ್ದಿತು, 20–3.