ಸರ್ ಮಿರ್ಜಾ ಇಸ್ಮಾಯಿಲ್: ಊರನ್ನು ತೋಟದಂತೆ ನೋಡಿಕೊಂಡ ದಿವಾನರು

ಈ ಸಲದ ಸಂಚಿಕೆಗೆ ಒಬ್ಬ ದಾನಿಯ ಜೀವನ ಬರೆದು ಕೊಡಿ ಎಂದು ನಮ್ಮ ಕನ್ನಡ ಮೇಡಂ ಹೇಳಿದಾಗ ನನಗೆ ಮೊದಲು ನೆನಪಾದವರು ಕೋಟಿಗಟ್ಟಲೆ ಹಣ ಕೊಟ್ಟ ಉದ್ಯಮಿಗಳು. ಕಾಮರ್ಸ್ ಓದುವವರಿಗೆ ಬೇರೆ ಯಾರು ನೆನಪಾಗುತ್ತಾರೆ! ಆ ಭಾನುವಾರ ಶಿವಮೊಗ್ಗದಿಂದ ಬಸ್ ಹತ್ತಿ ಭದ್ರಾವತಿಯಲ್ಲಿರುವ ನಾನಾ ಮನೆಗೆ ಹೋದೆ. ನಾನಾ ಅಂದರೆ ನಮ್ಮ ಅಮ್ಮಿಯ ತಂದೆ. ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ವಿಷಯ ಕೇಳಿದ ಕೂಡಲೇ ಮಿರ್ಜಾ ಸಾಹೇಬರ ಬಗ್ಗೆ ಬರೆಯಲು ಹೇಳಿದರು. ನಾನು ಒಪ್ಪಲಿಲ್ಲ. ಅವರು ಮೈಸೂರಿನ ದಿವಾನರು, ಖರ್ಚು ಮಾಡಿದ್ದು ಸರ್ಕಾರದ ಹಣ, ಅದನ್ನು ದಾನದ ಲೆಕ್ಕಕ್ಕೆ ಹೇಗೆ ಸೇರಿಸುವುದು ಎಂದು ವಾದ ಮಾಡಿದೆ. ನಾನಾ ವಾದಕ್ಕೆ ಇಳಿಯಲಿಲ್ಲ. ಮೊದಲು ಓದಿಕೊಂಡು ಬಾ, ಲೆಕ್ಕ ಆಮೇಲೆ ಹಾಕೋಣ ಎಂದಷ್ಟೇ ಹೇಳಿದರು. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್ ನಗರದಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಬೆಂಗಳೂರಿನಲ್ಲೇ ನೆಲೆಸಿದವರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. ಶಿರಾಜ್ ಎಂದರೆ ತೋಟಗಳಿಗೆ ಹೆಸರಾದ ಊರು. ಮೊಮ್ಮಗನಿಗೆ ತೋಟದ ಹುಚ್ಚು ಅಲ್ಲಿಂದಲೇ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಬಾಲ್ಯದಲ್ಲಿ ಮಿರ್ಜಾ ಅವರಿಗೆ ಒಬ್ಬ ದೊಡ್ಡ ಸಹಪಾಠಿ ಸಿಕ್ಕಿದರು. ಅವರೇ ಮುಂದೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್. ಮೈಸೂರಿನಲ್ಲಿ ಇಬ್ಬರೂ ಒಂದೇ ತರಗತಿಯಲ್ಲಿ ಕೂತು ಪಾಠ ಕಲಿತರು. ಮಿರ್ಜಾ 1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ ಮೈಸೂರು ಸರ್ಕಾರದ ಪೊಲೀಸ್ ಇಲಾಖೆ ಸೇರಿದರು. ಆಮೇಲೆ ಮಹಾರಾಜರ ಕಚೇರಿಗೆ ಬಂದು, ಅವರ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಆಗ ಅವರಿಗೆ ವಯಸ್ಸು 42. ಒಬ್ಬರು ಹಿಂದೂ ರಾಜರು, ಇನ್ನೊಬ್ಬರು ಮುಸ್ಲಿಂ ದಿವಾನರು. 1940ರಲ್ಲಿ ಮಹಾರಾಜರು ತೀರಿಕೊಳ್ಳುವ ತನಕ ಆ ಜೋಡಿ ಮುರಿಯಲಿಲ್ಲ.

ದಿವಾನರೆಂದರೆ ಕಡತಗಳ ನಡುವೆ ಕೂತವರು ಎಂದು ನಾನು ತಿಳಿದಿದ್ದೆ. ಮಿರ್ಜಾ ಹಾಗಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಊರು ಸುತ್ತುವುದು ಅವರ ಅಭ್ಯಾಸ. ಎಲ್ಲಿ ಕಸ ಬಿದ್ದಿದೆ, ಯಾವ ವೃತ್ತದಲ್ಲಿ ಹೂಗಿಡ ಹಾಕಬಹುದು ಎಂದು ತಾವೇ ನೋಡುತ್ತಿದ್ದರು. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗಿನ ಜಾಗವನ್ನು ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿದ್ದು ಅವರ ಕಾಲದಲ್ಲೇ. 1927ರಲ್ಲಿ ಶುರುವಾದ ಆ ಕೆಲಸ 1932ರಲ್ಲಿ ಮುಗಿಯಿತು. ಅದೇ ಇಂದಿನ ಬೃಂದಾವನ.

ಈ ಕೆಲಸಗಳಲ್ಲಿ ಅವರಿಗೆ ಜೊತೆಯಾದವರು ಜರ್ಮನಿಯ ತೋಟಗಾರ ಕ್ರುಂಬಿಗಲ್. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, ಅಲ್ಲಿಂದ ಮೈಸೂರು ಸೇವೆಗೆ ಬಂದು ಲಾಲ್‌ಬಾಗ್ ನೋಡಿಕೊಂಡವರು. ಹೈದರ್ ಅಲಿ ಶುರು ಮಾಡಿದ ಆ ಲಾಲ್‌ಬಾಗ್‌ನ ಮೂಲಕ ಎಷ್ಟೋ ಪರದೇಶದ ಗಿಡಗಳು ನಮ್ಮ ನಾಡಿಗೆ ಹಬ್ಬಿದವು. ರಸ್ತೆ ಬದಿಯಲ್ಲಿ ಕೊಡೆಯಂತೆ ಹರಡುವ ಮಳೆಮರ, ನೀಲಿ ಹೂವಿನ ಜಕರಂದಾ, ಇವೆರಡೂ ಅಟ್ಲಾಂಟಿಕ್ ಸಾಗರದ ಆಚೆಯ ಅಮೆರಿಕ ಖಂಡದ ಮರಗಳು. ಇದನ್ನು ಓದುವವರೆಗೆ ನಾನು ಮಳೆಮರ ನಮ್ಮ ಮಲೆನಾಡಿನದೇ ಎಂದುಕೊಂಡಿದ್ದೆ.

ಲಾಲ್‌ಬಾಗ್‌ಗೂ ನಮ್ಮ ಭದ್ರಾವತಿಗೂ ಒಂದು ನಂಟಿದೆ. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದಾಗ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. 1935ರಲ್ಲಿ ಅದನ್ನು ಪೂರ್ವದ ಕಡೆಗೆ ಹಿಗ್ಗಿಸಿದಾಗ ಆ ಕೆಲಸ ಮಾಡಿದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. 46 ವರ್ಷದ ಹಿಂದೆ ಹಡಗಿನಲ್ಲಿ ತರಿಸಿದ್ದನ್ನು ನಮ್ಮ ಊರಿನವರೇ ಮಾಡಿಕೊಟ್ಟರು.

ಆ ಕಾರ್ಖಾನೆ ಮಿರ್ಜಾ ಅವರಿಗಿಂತ ಮೊದಲೇ ಹುಟ್ಟಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸು ಅದು. ನ್ಯೂಯಾರ್ಕ್‌ನ ಪೆರಿನ್ ಎಂಬ ಎಂಜಿನಿಯರ್ ಅವರ ಸಲಹೆ ಪಡೆದು ಕಟ್ಟಿದ ಕಾರ್ಖಾನೆಯಲ್ಲಿ, ಕಾಡಿನ ಸೌದೆಯ ಇದ್ದಿಲನ್ನು ಉರಿಸಿ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದರು. ಮಿರ್ಜಾ ಬಂದ ಮೇಲೆ ಭದ್ರಾವತಿಯ ಉದ್ಯಮಗಳು ಬೆಳೆದವು. 1930ರ ದಶಕದಲ್ಲಿ ಕಬ್ಬಿಣದ ಜೊತೆ ಉಕ್ಕು ಬಂತು, ಸಿಮೆಂಟ್ ಬಂತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯೂ ಅವರ ಕಾಲದ್ದೇ. ನಮ್ಮ ನಾನಾ ಸಂಬಳ ತಂದು ಐದು ಮಕ್ಕಳನ್ನು ಓದಿಸಿದ್ದು ಅಂಥ ಒಂದು ಕಾರ್ಖಾನೆಯಿಂದ ಎಂದು ಯೋಚಿಸಿದಾಗ, ಪುಸ್ತಕದಲ್ಲಿದ್ದ ದಿವಾನರು ನಮ್ಮ ಮನೆಯೊಳಗೆ ಬಂದು ಕೂತ ಹಾಗಾಯಿತು.

ಇನ್ನೊಬ್ಬರ ದಾನಕ್ಕೆ ಸರಿಯಾದ ದಾರಿ ತೋರಿಸುವುದೂ ಅವರಿಗೆ ಗೊತ್ತಿತ್ತು. ಬೆಂಗಳೂರಿನ ಟೌನ್ ಹಾಲ್ 1935ರಲ್ಲಿ ಪೂರ್ಣವಾಯಿತು. ಅದಕ್ಕೆ ಹಣ ಕೊಟ್ಟ ಪುಟ್ಟಣ್ಣ ಚೆಟ್ಟಿಯವರ ಹೆಸರನ್ನೇ ಅದಕ್ಕೆ ಇಟ್ಟರು. ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟಿದ್ದ ಯಹೂದಿ ವಾಸ್ತುಶಿಲ್ಪಿ ಕೊಯ್ನಿಗ್ಸ್‌ಬರ್ಗರ್ ಅವರನ್ನು 1939ರಲ್ಲಿ ಕರೆಸಿಕೊಂಡು ರಾಜ್ಯದ ಕಟ್ಟಡಗಳ ಕೆಲಸ ವಹಿಸಿದರು. ಯಾವ ದೇಶದವರು, ಯಾವ ಧರ್ಮದವರು ಎಂದು ನೋಡದೆ ಕೆಲಸ ಬಲ್ಲವರನ್ನು ಹುಡುಕಿದರು.

ಒಳ್ಳೆಯದನ್ನು ಮಾತ್ರ ಬರೆದರೆ ಲೆಕ್ಕದ ಪುಸ್ತಕದಲ್ಲಿ ಒಂದೇ ಬದಿ ತುಂಬಿದ ಹಾಗೆ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ತ್ರಿವರ್ಣ ಧ್ವಜ ಹಿಡಿದು ಸೇರಿದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಆಗ ದಿವಾನರಾಗಿದ್ದವರು ಮಿರ್ಜಾ ಅವರೇ. ಆ ನಂತರ ಸರ್ದಾರ್ ಪಟೇಲರ ಜೊತೆ ಮಾತುಕತೆ ನಡೆದು ಒಪ್ಪಂದವಾಯಿತು. ಆದರೂ ಹೋದ ಜೀವಗಳು ಮರಳಿ ಬರಲಿಲ್ಲ. ಹೂಗಿಡಗಳನ್ನು ಅಷ್ಟು ಜೋಪಾನ ಮಾಡಿದ ಆಡಳಿತ ಜನರ ಆಸೆಯನ್ನು ಅರ್ಥ ಮಾಡಿಕೊಳ್ಳಲು ತಡ ಮಾಡಿತು. ಇದು ಅವರ ಹೊಣೆಯ ಬದಿಗೆ ಸೇರಬೇಕು.

1941ರಲ್ಲಿ ಅವರು ದಿವಾನಗಿರಿ ಬಿಟ್ಟರು. 1942ರಿಂದ 1946ರವರೆಗೆ ಜೈಪುರದ ಪ್ರಧಾನಿಯಾಗಿದ್ದರು. ಆ ಊರಿನ ದೊಡ್ಡ ರಸ್ತೆಗೆ ಇಂದಿಗೂ ಅವರದೇ ಹೆಸರು. ಎಂ.ಐ. ರೋಡ್ ಅಂದರೆ ಮಿರ್ಜಾ ಇಸ್ಮಾಯಿಲ್ ರೋಡ್. ಅಲ್ಲಿಂದ ಹೈದರಾಬಾದಿಗೆ ಹೋದರು. ನಿಜಾಮರ ರಾಜ್ಯ ಭಾರತದ ಜೊತೆ ಹೊಂದಿಕೊಂಡು ಹೋಗಬೇಕು ಎಂಬುದು ಅವರ ನಿಲುವು. ಅದಕ್ಕೆ ಅಲ್ಲಿ ವಿರೋಧ ಹೆಚ್ಚಾಗಿ 1947ರಲ್ಲಿ ರಾಜೀನಾಮೆ ಕೊಟ್ಟು ಬಂದರು. ದೇಶ ಒಡೆಯುವುದು ಅವರಿಗೆ ಒಪ್ಪಿಗೆಯಿರಲಿಲ್ಲ. 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಕೆಲಸಕ್ಕೆ ಇಂಡೊನೇಷ್ಯಾಕ್ಕೆ ಹೋದರು. 1954ರಲ್ಲಿ ಇಂಗ್ಲಿಷಿನಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಕೊನೆಗೆ, 1959ರ ಜನವರಿ 5ರಂದು, ಹುಟ್ಟಿದ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಇಷ್ಟು ಓದಿಕೊಂಡು ಮತ್ತೆ ಭದ್ರಾವತಿಗೆ ಹೋದೆ. ಸಂಜೆ ನಾನಾ ಜೊತೆ ಪೇಪರ್ ಟೌನ್ ಕಡೆ ನಡೆದೆವು. ಮಿಲ್ಲಿನ ಯಂತ್ರಗಳು ನಿಂತು ವರ್ಷಗಳಾದವು. ರಸ್ತೆ ಬದಿಯ ಮರಗಳು ಮಾತ್ರ ಕೆಲಸ ನಿಲ್ಲಿಸಿಲ್ಲ. ಅವುಗಳ ನೆರಳಲ್ಲಿ ಒಬ್ಬರು ಸೌತೆಕಾಯಿ ಮಾರುತ್ತಿದ್ದರು, ಮಕ್ಕಳು ಸೈಕಲ್ ಬಿಡುತ್ತಿದ್ದರು. ಈ ಮರಗಳನ್ನು ಯಾರು ನೆಟ್ಟರು ಎಂದು ಕೇಳಿದೆ. ನಾನಾಗೂ ಗೊತ್ತಿರಲಿಲ್ಲ.

ಅಕೌಂಟೆನ್ಸಿ ತರಗತಿಯಲ್ಲಿ ನಾವು ಸವಕಳಿ ಎಂಬ ಪಾಠ ಕಲಿತಿದ್ದೇವೆ. ಯಂತ್ರ, ಕಟ್ಟಡ, ಪೀಠೋಪಕರಣ ಎಲ್ಲದರ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಮರದ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಹಕ್ಕಿಯೋ ಮನುಷ್ಯನೋ ತಿಂದುಕೊಂಡು ಹೋಗುವಂಥ ಗಿಡ ನೆಟ್ಟರೆ ಅದೂ ಸದಕಾ ಎಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿದ್ದೇವೆ. ಹಣ ಸರ್ಕಾರದ್ದೇ ಇರಬಹುದು. ಬೆಳಿಗ್ಗೆ ಎದ್ದು ಹೋಗಿ ನೋಡಿದ ಕಣ್ಣು, ಯೋಚಿಸಿದ ಮನಸ್ಸು ಮಿರ್ಜಾ ಅವರ ಸ್ವಂತದ್ದು. ಅದನ್ನು ಅವರು ಕೊಟ್ಟರು. ನನ್ನ ವಾದದಲ್ಲಿ ನಾನು ಸೋತೆ ಎಂದು ನಾನಾಗೆ ಹೇಳಿಬಿಟ್ಟೆ.

ಇನ್ನೊಂದು ಮಾತು. ನಾನು ಕನ್ನಡದಲ್ಲಿ ಭಾಷಣ ಮಾಡಿದಾಗ ಕೆಲವರು ಬಂದು ಮನೆಯಲ್ಲಿ ಉರ್ದು ಆಡುವವರಿಗೆ ಇಷ್ಟು ಒಳ್ಳೆಯ ಕನ್ನಡ ಹೇಗೆ ಬಂತು ಎಂದು ಆಶ್ಚರ್ಯಪಡುತ್ತಾರೆ. ಅವರು ಹೊಗಳುವುದಕ್ಕೇ ಹೇಳುತ್ತಾರೆ, ಆದರೂ ನನಗೆ ಒಳಗೆ ಚುಚ್ಚುತ್ತದೆ. ಶಿರಾಜ್‌ನಿಂದ ಬಂದವರ ಮೊಮ್ಮಗ ಮೈಸೂರಿನವರಾದರು. ಸಾಗರ ದಾಟಿ ಬಂದ ಮಳೆಮರವನ್ನು ನಿನ್ನ ಊರು ಯಾವುದು ಎಂದು ಈಗ ಯಾರೂ ಕೇಳುವುದಿಲ್ಲ. ಅದು ಇಲ್ಲಿ ಬೇರು ಬಿಟ್ಟಿದೆ, ಇಲ್ಲಿ ನೆರಳು ಕೊಡುತ್ತಿದೆ.

ಮುಂದಿನ ಮಳೆಗಾಲಕ್ಕೆ ನಾನಾ ಮನೆಯ ಮುಂದೆ ಒಂದು ನೇರಳೆ ಗಿಡ ನೆಡುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.