ಎರಿಕ್ ಲಿಡ್ಡೆಲ್‌ರವರ ಓಟ

ಅಪೊಸ್ತಲನಾದ ಪೌಲನು ವಿಶ್ವಾಸಿಯ ಜೀವಿತವನ್ನು ಓಟಕ್ಕೆ ಹೋಲಿಸಿರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಮೈದಾನದಲ್ಲಿ ಓಡುವವರು ಯಾತಕ್ಕಾಗಿ ಓಡುತ್ತಾರೆ? ಒಬ್ಬನು ದೇಹಸೌಖ್ಯಕ್ಕಾಗಿ, ಒಬ್ಬನು ಹೆಸರಿಗಾಗಿ, ಮತ್ತೊಬ್ಬನು ಬಹುಮಾನಕ್ಕಾಗಿ. ಹೆಸರನ್ನೂ ಬಹುಮಾನವನ್ನೂ ಬಿಟ್ಟುಕೊಟ್ಟು, ಓಟವನ್ನು ಮಾತ್ರ ಬಿಡದಿದ್ದ ಒಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಎರಿಕ್ ಲಿಡ್ಡೆಲ್‌ರವರು 1902ನೇ ಇಸವಿಯಲ್ಲಿ ಚೀನಾ ದೇಶದ ತಿಯೆನ್ಸಿನ್ ಪಟ್ಟಣದಲ್ಲಿ ಹುಟ್ಟಿದರು. ಅವರ ತಂದೆತಾಯಿಗಳು ಸ್ಕಾಟ್ಲೆಂಡಿನವರು; ನಮ್ಮ ಬಳ್ಳಾರಿ ಬೆಂಗಳೂರುಗಳಲ್ಲಿಯೂ ಸೇವೆ ನಡಿಸಿದ ಲಂಡನ್ ಮಿಶನ್ನಿಗೆ ಸೇರಿದವರು. ಲಿಡ್ಡೆಲ್‌ರವರು ಇಂಗ್ಲೆಂಡಿನ ಶಾಲೆಯಲ್ಲಿ ಬೆಳೆದು, ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನು ಕಲಿತರು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯ್ದೆರೆದು, ಕೈಬೀಸುತ್ತಾ ಓಡುವ ಅವರ ರೀತಿ ನೋಡುವವರಿಗೆ ವಿಚಿತ್ರವಾಗಿತ್ತು. 1923ರಲ್ಲಿ 440 ಗಜಗಳ ಓಟವೊಂದರಲ್ಲಿ ತಳ್ಳಲ್ಪಟ್ಟು ಕೆಳಗೆ ಬಿದ್ದರೂ, ಎದ್ದು ಓಡಿ, ಎಲ್ಲರನ್ನೂ ಹಿಂದೆ ಹಾಕಿದರು.

1924ರಲ್ಲಿ ಪ್ಯಾರಿಸಿನಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ಅವರಿಗೆ ಪ್ರಿಯವಾದ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರಕ್ಕೆ ಗೊತ್ತಾಗಿತ್ತು. ಕರ್ತನ ದಿನದಲ್ಲಿ ತಾವು ಓಡಲಾರೆವೆಂದು ಅವರು ಮುಂಚೆಯೇ ತಿಳಿಸಿದರು. ಸ್ವದೇಶದವರಲ್ಲಿ ಅನೇಕರು ನಿಂದಿಸಿದರೂ ಅವರು ಕದಲಲಿಲ್ಲ. ಬದಲಾಗಿ 400 ಮೀಟರ್ ಓಟಕ್ಕೆ ಅಭ್ಯಾಸಮಾಡಿ, ಅದನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನದ ಪದಕವನ್ನು ಹೊಂದಿದರು.

ಕೀರ್ತಿಯು ಹೀಗೆ ಉಚ್ಚಸ್ಥಿತಿಯಲ್ಲಿರುವಾಗಲೇ, 1925ರಲ್ಲಿ, ಅವರು ಚೀನಾಕ್ಕೆ ಹೊರಟುಹೋಗಿ ತಿಯೆನ್ಸಿನ್ನಿನಲ್ಲಿ ಉಪಾಧ್ಯಾಯರಾದರು. ಅಲ್ಲಿಯೂ ಬಿಡುವಾದಾಗ ಓಡಿದರು. ಮುಂದೆ ಯುದ್ಧದಿಂದ ನೊಂದ ಹಳ್ಳಿಗಳಲ್ಲಿ ಸೇವೆಮಾಡಿದರು. ಅಪಾಯವು ಹೆಚ್ಚಲು 1941ರಲ್ಲಿ ಹೆಂಡತಿಮಕ್ಕಳನ್ನು ಕೆನಡಾಕ್ಕೆ ಕಳುಹಿಸಿ, ತಾವು ಉಳಿದರು. ಅಲ್ಲಿ ಹುಟ್ಟಿದ ಮೂರನೆಯ ಮಗಳ ಮುಖವನ್ನು ಅವರು ಎಂದೂ ಕಾಣಲಿಲ್ಲ.

1943ರಲ್ಲಿ ಜಪಾನೀಯರು ಅವರನ್ನು ವೈಹ್ಸಿಯೆನ್ ಸೆರೆಶಿಬಿರದಲ್ಲಿಟ್ಟರು. ಅಲ್ಲಿ ಅವರು ಮಕ್ಕಳಿಗೆ ಪಾಠ ಹೇಳಿದರು, ಆಟೋಟಗಳನ್ನು ನಡಿಸಿದರು. ಭಾನುವಾರ ಮಾತ್ರ ಆಟವಿರಲಿಲ್ಲ. ಆದರೆ ಹುಡುಗರು ಆ ದಿನ ತಾವಾಗಿಯೇ ಆಡಹೋಗಿ ಜಗಳಕ್ಕಿಳಿದಾಗ, ಮುಂದಿನ ಭಾನುವಾರ ಲಿಡ್ಡೆಲ್‌ರವರೇ ಮಧ್ಯಸ್ಥರಾಗಿ ನಿಂತರು. ಚಿನ್ನದ ಪದಕಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳ ಸಮಾಧಾನಕ್ಕಾಗಿ ಸಡಿಲಿಸಿದರು. 1945ರ ಫೆಬ್ರುವರಿ 21ರಂದು, ಬಿಡುಗಡೆಗೆ ಆರು ತಿಂಗಳಿರುವಾಗ, ಮೆದುಳಿನ ಗಡ್ಡೆಯಿಂದ ಶಿಬಿರದಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು 43.

ಪ್ರಿಯ ವಾಚಕರೇ, ಇವರು ಯಾತಕ್ಕಾಗಿ ಓಡಿದರು? ವೇಗವು ದೇವರು ಕೊಟ್ಟ ವರವೆಂದೆಣಿಸಿ ಸಂತೋಷದಿಂದ ಓಡಿದರೆಂದು ನಮಗೆ ತೋರುತ್ತದೆ. ಬಹುಮಾನಕ್ಕಾಗಿ ಓಡುವವನು ಬಹುಮಾನ ದೊರೆತಾಗ ನಿಲ್ಲುವನು, ದೊರೆಯದಿದ್ದರೂ ನಿಲ್ಲುವನು. ವರವನ್ನು ಕೊಟ್ಟಾತನಿಗಾಗಿ ಓಡುವವನಿಗೆ ಸೆರೆಮನೆಯ ಅಂಗಳವೂ ಮೈದಾನವೇ. ನಮ್ಮ ಕೈಗೆ ಬಂದ ಕೆಲಸವನ್ನು, ಅದು ಹೊಲದ್ದಾಗಲಿ ಮಗ್ಗದ್ದಾಗಲಿ, ನಾವು ಯಾರಿಗಾಗಿ ಮಾಡುತ್ತೇವೆಂಬುದನ್ನು ಯೋಚಿಸೋಣ.